ಆರಕ್ಕೇ ನಿಂತ ಹಾಜಿಯಮ್ಮ

ಕೈರುವಾನಿನ ದೊಡ್ಡ ಮಸೀದಿಯ ಬಾಗಿಲಲ್ಲಿ ಕೂತು, ಬಂದವರ ಸೊಂಟಕ್ಕೆ ಬಟ್ಟೆ ಸುತ್ತುವುದು ಶಾದ್ಲಿಯಾಳ ಕೆಲಸ. ಮೊಣಕಾಲು ಕಾಣುವ ಚಡ್ಡಿಯಲ್ಲಿ ಬಂದ ಪರದೇಶದವರು, ತುಂಡು ಲಂಗದವರು, ಯಾರೇ ಆಗಲಿ, ಅಂಗಳಕ್ಕೆ ಕಾಲಿಡುವ ಮೊದಲು ಅವಳ ಮುಂದೆ ನಿಲ್ಲಲೇಬೇಕು. ಅವಳ ಪಕ್ಕದ ಗೋಡೆಯ ಗೂಟಗಳಲ್ಲಿ ಹಸಿರು, ಕಂದು, ಮಾಸಿದ ನೀಲಿ ಬಟ್ಟೆಗಳು ತೂಗುತ್ತಿರುತ್ತವೆ. ಆಳಿನ ಎತ್ತರ ನೋಡಿ ಒಂದನ್ನು ಎಳೆಯುತ್ತಾಳೆ. ಸೊಂಟಕ್ಕೆ ಒಂದು ಸುತ್ತು, ಎಡಕ್ಕೆ ಒಂದು ಗಂಟು, 'ಹೋಗಿ' ಅಂತ ಬೆನ್ನಿಗೊಂದು ಮೆಲ್ಲನೆಯ ತಟ್ಟು. ಅವಳು ಹಾಕಿದ ಗಂಟು ಬಿಚ್ಚಿಕೊಂಡದ್ದನ್ನು ಕಂಡವರಿಲ್ಲ. ಚಿಕ್ಕಂದಿನಿಂದ ಮಗ್ಗದಲ್ಲಿ ರತ್ನಗಂಬಳಿ ನೇಯ್ದ ಕೈ ಅದು.

ದಿನವಿಡೀ ಅಷ್ಟು ಜನರನ್ನು ಮುಟ್ಟುವ ಹೆಂಗಸನ್ನು ಮುಟ್ಟುವವರು ಮಾತ್ರ ಯಾರೂ ಇರಲಿಲ್ಲ. ಗಂಡ ಲರೂಸಿ ಮಕ್ರೂದ್ ಮಾಡುತ್ತಿದ್ದ. ರವೆಯೊಳಗೆ ಖರ್ಜೂರ ತುಂಬಿ, ಎಣ್ಣೆಯಲ್ಲಿ ಕರಿದು, ಜೇನಿನಲ್ಲಿ ಅದ್ದುವ ಸಿಹಿ. ಒಳ್ಳೆಯವನು. ಮಕ್ಕಳಾಗಲಿಲ್ಲ. ಅವನು ತೀರಿಕೊಂಡ ಮೇಲೆ, ಮಸೀದಿಯ ಬಾಗಿಲು ಕಾಯುವ, ಎಲ್ಲರೂ ಮರ್ಯಾದೆಗೆ 'ಸಿ' ಸೇರಿಸಿ ಕರೆಯುವ ಸಿ ಖಮೈಸ್ ಒಂದು ದಿನ ಮನೆಗೇ ಬಂದು, "ಗೋಡೆ ಜೊತೆ ಮಾತಾಡ್ತಾ ಕೂರ್ಬೇಡ ಕಣಮ್ಮ, ಬಂದು ಬಟ್ಟೆ ಕಟ್ಟು" ಅಂತ ಈ ಕೆಲಸಕ್ಕೆ ಸೇರಿಸಿದ್ದ.

ಸಂಜೆ ಬಾಗಿಲು ಹಾಕಿದ ಮೇಲೆ ಎರಡು ಓಣಿ ದಾಟಿದರೆ ಮನೆ. ದಾರಿಯಲ್ಲಿ ಒಂದು ರೊಟ್ಟಿ ಕೊಳ್ಳುತ್ತಾಳೆ, ಯಾಕೆಂದರೆ ಬೇಕರಿಯವನು ಅರ್ಧ ಮಾರುವುದಿಲ್ಲ. ಅರ್ಧ ತಿಂದು, ಉಳಿದರ್ಧವನ್ನು ಚೀಲಕ್ಕೆ ಹಾಕಿ, ಬಾಗಿಲ ಹೊರಗಿನ ಮೊಳೆಗೆ ತೂಗುಬಿಡುತ್ತಾಳೆ, ಯಾರದಾದರೂ ಕುರಿಗೆ ಆಗಲಿ ಅಂತ. ರೊಟ್ಟಿಯನ್ನು ಕಸಕ್ಕೆ ಎಸೆದರೆ ಪಾಪ. ಓಣಿಯ ಎಲ್ಲ ಮನೆಗಳ ಮುಂದೂ ಹೀಗೆ ಚೀಲಗಳು ತೂಗುತ್ತವೆ. ಆದರೆ ಬೇರೆಯವರ ಚೀಲದಲ್ಲಿ ಚೂರುಪಾರು, ಮಕ್ಕಳು ಕಚ್ಚಿ ಬಿಟ್ಟದ್ದು. ಶಾದ್ಲಿಯಾಳ ಚೀಲದಲ್ಲಿ ಮಾತ್ರ ಚಾಕುವಿನಲ್ಲಿ ಕೊಯ್ದ ಅರ್ಧ ರೊಟ್ಟಿ, ದಿನಾ ಅಷ್ಟೇ ಉದ್ದ. ಬಾಗಿಲು ತಟ್ಟುವುದೇ ಬೇಡ, ಇದು ಒಬ್ಬಳೇ ಇರುವ ಮನೆ ಅಂತ ಆ ಚೀಲವೇ ಹೇಳುತ್ತಿತ್ತು.

ಇನ್ನು ಅವಳ ಅಡ್ಡಹೆಸರಿನ ವಿಷಯ. ಕೈರುವಾನಿನ ಸುತ್ತಮುತ್ತಲ ಹಳ್ಳಿಗಳಲ್ಲಿ ಒಂದು ನಂಬಿಕೆ ಇದೆ. ಮೆಕ್ಕಾಗೆ ಹೋಗುವ ಶಕ್ತಿ ಇಲ್ಲದವರು ಈ ಮಸೀದಿಗೆ ಏಳು ಸಲ ಬಂದು ಹೋದರೆ ಒಂದು ಹಜ್ ಮಾಡಿದ ಹಾಗೆ. ಓದಿದವರು "ಎಲ್ಲಿ ಬರೆದಿದೆ, ತೋರಿಸಿ" ಅನ್ನುತ್ತಾರೆ. ಅಜ್ಜಿಯರು ತೋರಿಸುವುದೂ ಇಲ್ಲ, ನಂಬುವುದನ್ನು ಬಿಡುವುದೂ ಇಲ್ಲ. ಅವರ ಪ್ರಕಾರ ಅದಕ್ಕೆ ಕಟ್ಟುಪಾಡೂ ಉಂಟು. ಬೇರೆ ಊರಿಂದ ಹೊರಟು ಬರಬೇಕು. ಮೈಗೆ ದಾರಿಯ ಧೂಳು ಹತ್ತಬೇಕು. ಮನಸ್ಸಿನಲ್ಲಿ ಭೇಟಿಯ ಸಂಕಲ್ಪ ಬಿಟ್ಟು ಬೇರೆ ಕೆಲಸ ಇರಬಾರದು. ಮಸೀದಿಯ ಗೋಡೆಗೆ ಒರಗಿ ಬದುಕುವವರದು ಭೇಟಿಯಲ್ಲ, ಬರೀ ಓಡಾಟ.

ಶಾದ್ಲಿಯಾಳದು ಆರಾಗಿತ್ತು. ಮದುವೆಗೆ ಮೊದಲೇ ಆರು. ಆಮೇಲೆ ಅಲ್ಲಿಗೇ ನಿಂತುಬಿಟ್ಟಿತ್ತು.

"ಶಾದ್ಲಿಯಾ, ಎಷ್ಟಾಯ್ತು?" ಅಂತ ಖಮೈಸ್ ಬೆಳಗಿನ ಕಾಫಿ ಹೀರುತ್ತಾ ಕೇಳುತ್ತಿದ್ದ.

"ಆರು."

"ನಿನ್ನೆ ಎಷ್ಟಿತ್ತು?"

"ಆರು."

"ಎಲ್ಲರಿಗಿಂತ ಮೊದಲು ಬರ್ತೀಯ, ಎಲ್ಲರಿಗಿಂತ ಕೊನೆಗೆ ಹೋಗ್ತೀಯ, ಆದ್ರೂ ಆರೇ! ಒಂದು ಮೆಟ್ಲು ಹತ್ತೋಕೆ ಇಷ್ಟು ವರ್ಷ ತಗೊಂಡೋಳು ನೀನೊಬ್ಬಳೇ ಕಣೇ."

"ನಾನು ಬರೋದು ಕೆಲಸಕ್ಕೆ, ಸಿ ಖಮೈಸ್. ಬರೂತಾ ಬಾವೀಲಿ ನೀರೆತ್ತೋ ಒಂಟೆ ದಿನಾ ಸುತ್ತು ಹಾಕತ್ತೆ. ಅದಕ್ಕೆ ಯಾತ್ರೆ ಪುಣ್ಯ ಬರತ್ತಾ?"

ಟಿಕೆಟ್ ಹರಿಯುವ ಇಕ್ಬಾಲ್ ಬಾಯಿ ಜೋರಿನ ಹುಡುಗಿ. ಊರಿನ ಎಲ್ಲ ಹುಡುಗಿಯರ ಹಾಗೆ ಅವಳೂ ಶಾದ್ಲಿಯಾಳನ್ನು ಖಾಲ್ತಿ, ಚಿಕ್ಕಮ್ಮ, ಅಂತಲೇ ಕರೆಯುವುದು. "ಖಾಲ್ತಿ, ಈ ಮಸೀದಿ ಕಂಬ ಎಣಿಸಿದ್ರೆ ಕಣ್ಣು ಹೋಗತ್ತಂತೆ. ಭೇಟಿ ಎಣಿಸಿದ್ರೆ ಏನು ಹೋಗತ್ತೆ?"

"ತಲೆ ಹೋಗತ್ತೆ. ನಿಂದು."

ಹೀಗೆ ನಗುತ್ತಾ ಅವಳಿಗೆ 'ಆರಕ್ಕೇ ನಿಂತ ಹಾಜಿಯಮ್ಮ' ಅಂತ ಹೆಸರು ಬಿತ್ತು. ಅವಳೂ ನಗುತ್ತಿದ್ದಳು. ಆರಕ್ಕೇ ಯಾಕೆ ನಿಂತಿತು ಅನ್ನುವುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಹಫೂಜ್ ಕಡೆಯ ಒಂದು ಹಳ್ಳಿ ಅವಳದು. ಮನೆಯಲ್ಲಿ ಅಮ್ಮ ತಿಬ್ರಾ, ಅಕ್ಕ ಮನ್ನೂಬಿಯಾ, ಇವಳು. ಪ್ರತಿ ವರ್ಷ ಪ್ರವಾದಿಯವರ ಹುಟ್ಟುಹಬ್ಬ ಮೌಲಿದ್ ಬಂತೆಂದರೆ ಅಮ್ಮ ಇಬ್ಬರನ್ನೂ ಎಡಕ್ಕೊಬ್ಬಳು ಬಲಕ್ಕೊಬ್ಬಳು ಹಿಡಿದುಕೊಂಡು ಕೈರುವಾನಿಗೆ ಹೊರಡುತ್ತಿದ್ದಳು. ಸ್ವಲ್ಪ ದೂರ ಯಾರದೋ ಗಾಡಿ, ಮಿಕ್ಕಿದ್ದು ನಡಿಗೆ. ಮಸೀದಿಯ ಅಂಗಳದಲ್ಲಿ ಬಾವಿಯ ಕಟ್ಟೆ ಇದೆ, ಒಳಗೆ ಮಳೆನೀರಿನ ತೊಟ್ಟಿ. ನೂರಾರು ವರ್ಷ ಹಗ್ಗ ಎಳೆದೂ ಎಳೆದೂ ಆ ಕಟ್ಟೆಯ ಬಿಳಿ ಕಲ್ಲಿನ ಅಂಚಿನಲ್ಲಿ ಬೆರಳು ಮುಳುಗುವಷ್ಟು ಆಳದ ಗೀರುಗಳು ಬಿದ್ದಿವೆ. ಅಕ್ಕತಂಗಿಯರು ಅಕ್ಕಪಕ್ಕದ ಎರಡು ಗೀರುಗಳನ್ನು ತಮ್ಮದು ಅಂತ ಮಾಡಿಕೊಂಡಿದ್ದರು. ನಮಾಜು ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಕೈ ಇಡಬೇಕು, ಆಗಲೇ ಆ ವರ್ಷದ ಭೇಟಿ ಪೂರ್ತಿ. ಇದು ಮಕ್ಕಳೇ ಮಾಡಿಕೊಂಡ ನಿಯಮ. ಕಲ್ಲು ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು.

ಆರನೇ ವರ್ಷ ವಾಪಸು ಹೋಗುವಾಗ ಮನ್ನೂಬಿಯಾ ಹೇಳಿದ್ದಳು, "ಮುಂದಿನ ವರ್ಷ ನಾವಿಬ್ರೂ ಹಾಜಿಗಳು. ಒಬ್ಬಳನ್ನ ಬಿಟ್ಟು ಇನ್ನೊಬ್ಬಳು ಬರೋ ಹಾಗಿಲ್ಲ."

ಆ ವರ್ಷವೇ ಮಕ್ರೂದ್ ಲರೂಸಿಯ ಕಡೆಯವರು ಶಾದ್ಲಿಯಾಳನ್ನು ಕೇಳಿಕೊಂಡು ಬಂದರು. ಅವನ ತಾಯಿ ಹಾಸಿಗೆ ಹಿಡಿದಿದ್ದಳು, ಸೊಸೆಯ ಮುಖ ನೋಡುವ ಆತುರ. ಮನೆಯ ಮಗ್ಗದ ಮೇಲೆ ಅರ್ಧ ನೇಯ್ದ ಕಂಬಳಿ ಇತ್ತು. ಅಕ್ಕತಂಗಿ ಒಂದೇ ಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಕೂತು ನೇಯುತ್ತಿದ್ದದ್ದು. "ಕಂಬಳಿ ಮುಗಿಸಿ ಹೋಗು" ಅಂದಳು ಮನ್ನೂಬಿಯಾ. "ಬಂದು ಮುಗಿಸ್ತೀನಿ" ಅಂದಳು ಶಾದ್ಲಿಯಾ. ಹೋದವಳು ಬರಲಿಲ್ಲ. ಹಾಸಿಗೆ ಹಿಡಿದ ಅತ್ತೆ, ಎಣ್ಣೆ ಬಾಣಲೆ, ಗಂಡನ ಮನೆಯ ನೂರೆಂಟು ಕೆಲಸ. ಮರುವರ್ಷ ಮೌಲಿದ್‌ಗೆ ಅಕ್ಕ ಬರಬಹುದು ಅಂತ ಕಾದಳು. ಬರಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ ಅಂದುಕೊಂಡಳು.

ಆಮೇಲೆ ಅಮ್ಮ ಸತ್ತಾಗ ಹೋಗಿದ್ದಳು. ಸಾವಿನ ಮನೆ, ಕಾಲಿಡಲು ಜಾಗವಿಲ್ಲದಷ್ಟು ಹೆಂಗಸರು. ಅಕ್ಕತಂಗಿ ಒಂದೇ ಚಾಪೆಯ ಮೇಲೆ ಕೂತಿದ್ದರೂ ಮಾತಿಲ್ಲ. ಹೊರಡುವಾಗ ಬಾಗಿಲಲ್ಲಿ ಶಾದ್ಲಿಯಾ, "ಮೌಲಿದ್‌ಗೆ ಬಾ ಅಕ್ಕ, ಏಳನೇದು ಉಳ್ಕೊಂಡಿದೆ, ಕಾಯ್ತಿರ್ತೀನಿ" ಅಂದಳು. ಮನ್ನೂಬಿಯಾ "ಬರ್ತೀನಿ" ಅಂದಳು.

ಆ ಒಂದು ಮಾತನ್ನು ಹಿಡಿದುಕೊಂಡು ಶಾದ್ಲಿಯಾ ಮೂವತ್ತು ವರ್ಷ ಕಾದಳು. ಬರ್ತೀನಿ ಅಂದಿದ್ದಾಳೆ, ಬರುತ್ತಾಳೆ. ತಾನೇ ಹೋಗಿ ಕರೆದರೆ ಅದು ಅಕ್ಕನ ಸಂಕಲ್ಪ ಆಗುವುದಿಲ್ಲ, ತನ್ನ ಬಲವಂತ ಆಗುತ್ತದೆ. ಹೀಗಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಅದರೊಳಗೆ ಒಂದು ಮುಷ್ಟಿ ಹಟವೂ ಇತ್ತು, ಅದನ್ನು ಹೇಳಿಕೊಳ್ಳಲಿಲ್ಲ. ಬಾವಿಕಟ್ಟೆಯನ್ನು ದಿನಾ ನೋಡುತ್ತಿದ್ದಳು. ಗೀರಿನಲ್ಲಿ ಮಾತ್ರ ಒಂದು ದಿನವೂ ಕೈ ಇಡಲಿಲ್ಲ. ಪರದೇಶದವರು ಅದರಲ್ಲಿ ಬೆರಳಾಡಿಸಿ ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಇವಳು ದೂರದಿಂದ, ತನ್ನ ತಟ್ಟೆಯಲ್ಲಿ ಬೇರೆಯವರು ಉಣ್ಣುವುದನ್ನು ನೋಡುವ ಹಾಗೆ ನೋಡುತ್ತಿದ್ದಳು.

ಈ ಸಲ ಮೌಲಿದ್ ಹತ್ತಿರ ಬಂತು. ಬೀದಿಗಳಿಗೆ ದೀಪದ ಸರ ಕಟ್ಟಿದರು. ಹಳ್ಳಿಗಳ ಜನ ಗುಂಪುಗುಂಪಾಗಿ ಬರತೊಡಗಿದರು. ಹಫೂಜ್ ಕಡೆಯವರು ಅಂತ ಮಾತಿನಲ್ಲೇ ಗೊತ್ತಾದರೆ ಸಾಕು, ಶಾದ್ಲಿಯಾ ಎದ್ದು ಹೋಗಿ ವಿಚಾರಿಸುವುದು ರೂಢಿ. ಅವತ್ತೂ ಒಬ್ಬ ದಪ್ಪ ಹೆಂಗಸನ್ನು ನಿಲ್ಲಿಸಿದಳು.

"ತಿಬ್ರಾಳ ಮಗಳು ಮನ್ನೂಬಿಯಾ ಗೊತ್ತಾ? ಈ ಸಲ ಬರ್ತೀನಿ ಅಂದ್ಲಾ?"

"ಯಾರು, ಕಳ್ಳಿ ಬೇಲಿ ಮನೆ ಮನ್ನೂಬಿಯಾನಾ? ಬರೋದೆಲ್ಲಿಂದ ಬಂತು ಮಾರಾಯ್ತಿ! ಮಂಡಿ ಎರಡೂ ಹೋಗಿ ಯಾವ ಕಾಲ ಆಯ್ತು. ಅಂಗಳ ದಾಟಲ್ಲ. ಪಕ್ಕದ ಮನೆಯೋರು ರೊಟ್ಟಿ ತಂದು ಕೊಡ್ತಾರೆ. ನೀವು ಅವಳಿಗೇನಾಗ್ಬೇಕು?"

ಶಾದ್ಲಿಯಾ ತನ್ನ ಜಾಗಕ್ಕೆ ವಾಪಸು ಬಂದಳು. ಗೂಟದಿಂದ ಒಂದು ಬಟ್ಟೆ ಎಳೆದು, ಕಟ್ಟಲು ಎದುರಿಗೆ ಯಾರೂ ಇಲ್ಲದ್ದು ಕಂಡು, ಮತ್ತೆ ತೂಗುಹಾಕಿದಳು. ಇಷ್ಟು ವರ್ಷ ಬಾಗಿಲಲ್ಲಿ ಕೂತು ಕಾದದ್ದು ನಡೆಯಲಾಗದ ಹೆಂಗಸನ್ನು. ಏಳನೇದು ಇನ್ನು ತಾನಾಗಿ ಬರುವುದಿಲ್ಲ.

"ಸಿ ಖಮೈಸ್, ನಂಗೆ ಎರಡು ದಿನ ರಜೆ ಬೇಕು."

"ಮೌಲಿದ್ ವಾರದಲ್ಲಾ? ಸರಿಹೋಯ್ತು. ಬಟ್ಟೆ ಯಾರು ಕಟ್ತಾರೆ?"

"ಇಕ್ಬಾಲ್ ಕಟ್ತಾಳೆ."

"ಅವಳು ಕಟ್ಟಿದ ಗಂಟು ಮೆಟ್ಲಿಳಿಯೋದ್ರೊಳಗೆ ಬಿಚ್ಕೊಳ್ಳತ್ತೆ" ಅಂದ ಖಮೈಸ್. ಆದರೆ ಅವಳ ಮುಖ ನೋಡಿ ಮುಂದೆ ತಮಾಷೆ ಮಾಡಲಿಲ್ಲ. "ಹೋಗ್ಬಾ" ಅಂದ.

ಮರುದಿನ ಬೆಳಿಗ್ಗೆ ಬಾಡಿಗೆ ವ್ಯಾನುಗಳ ನಿಲ್ದಾಣದಲ್ಲಿ ಒಂದು ಪೊಟ್ಟಣ ಮಕ್ರೂದ್ ಹಿಡಿದು ನಿಂತಳು. ಡ್ರೈವರ್ "ಹಫೂಜ್! ಹಫೂಜ್! ಒಂದೇ ಸೀಟು!" ಅಂತ ಕೂಗುತ್ತಿದ್ದ. ವ್ಯಾನಿನೊಳಗೆ ಅವನ ಟೋಪಿ ಬಿಟ್ಟರೆ ಇನ್ನೊಂದು ಜೀವ ಇರಲಿಲ್ಲ.

"ಏನು ಖಾಲ್ತಿ, ಲೋಕವೆಲ್ಲ ಕೈರುವಾನಿಗೆ ಬರ್ತಿದೆ, ನೀವು ಕೈರುವಾನ್ ಬಿಟ್ಟು ಓಡ್ತಿದೀರಿ?"

"ಬರ್ಬೇಕು ಅಂದ್ರೆ ಮೊದಲು ಹೋಗ್ಬೇಕಲ್ಲಪ್ಪ. ನಾಳೆ ಬೆಳಿಗ್ಗೆ ಮುಂದಿನ ಸೀಟು ನಂಗೇ ಇಡು. ಇಬ್ಬರು ಬರ್ತೀವಿ."

ಹಳ್ಳಿಯಲ್ಲಿ ಬೇಲಿಯ ಪಾಪಾಸುಕಳ್ಳಿ ಆಳೆತ್ತರ ಮೀರಿ ಬೆಳೆದಿತ್ತು. ಬಾಗಿಲಿಗೆ ಅದೇ ಹಳೆಯ ನೀಲಿ ಬಣ್ಣ. ಶಾದ್ಲಿಯಾ ತಟ್ಟಿದಳು.

"ಯಾರು?"

"ನಾನು."

"ನಾನು ಅಂದ್ರೆ? ದೆವ್ವನೂ ನಾನು ಅಂತಲೇ ಅನ್ನತ್ತೆ."

"ಶಾದ್ಲಿಯಾ."

ಒಳಗೆ ಏನೋ ಪಾತ್ರೆ ಕೆಳಗಿಟ್ಟ ಸದ್ದು. ಆಮೇಲೆ ಅದೇ ಗಡುಸು ದನಿ. "ಬಾಗಿಲು ಕೆಳಗಡೆ ಹಿಡ್ಕೊಳ್ಳತ್ತೆ. ಒದಿ."

ಮೂವತ್ತು ವರ್ಷದ ಮೇಲೆ ಅಕ್ಕನ ಮನೆಯ ಬಾಗಿಲನ್ನು ಒದ್ದು ಒಳಗೆ ಹೋದಳು.

ಮನ್ನೂಬಿಯಾ ಕಿಟಕಿಯ ಕೆಳಗೆ ಕಾಲು ಚಾಚಿ ಕೂತಿದ್ದಳು. ಮುಖ ಒಣಗಿದ ಅಂಜೂರದ ಹಾಗೆ ಸಣ್ಣದಾಗಿತ್ತು. ಕಣ್ಣು ಮಾತ್ರ ಹಳೆಯವೇ. ತಂಗಿಯನ್ನು ಮೇಲಿಂದ ಕೆಳಗೆ ನೋಡಿದಳು.

"ದಪ್ಪ ಆಗಿದೀಯ."

"ನೀನು ಒಣಗಿದೀಯ."

"ಕೈಯಲ್ಲೇನು?"

"ಮಕ್ರೂದ್."

"ಗಂಡನ ಮನೆ ಬುದ್ಧಿ ಬಿಟ್ಟಿಲ್ಲ. ನಂಗೆ ಹಲ್ಲಿಲ್ಲ."

"ಜೇನಲ್ಲಿ ನೆನೆದಿದೆ, ಚೀಪು."

ಮನ್ನೂಬಿಯಾ ಒಂದನ್ನು ಬಾಯಿಗಿಟ್ಟುಕೊಂಡು ಚೀಪತೊಡಗಿದಳು. ಶಾದ್ಲಿಯಾ ಅವಳ ಪಕ್ಕ ಕೂತಳು. ಕೂತಾಗ ಅಂಗೈಗೆ ಕೆಳಗಿನ ಹಾಸು ತಗುಲಿತು. ಕೈ ತಾನಾಗಿ ಅಲ್ಲೇ ನಿಂತಿತು. ಅದೇ ಕಂಬಳಿ. ಅರ್ಧದವರೆಗೆ ಗಂಟುಗಳು ಒಂದು ರೀತಿ, ಅಲ್ಲಿಂದ ಮುಂದೆ ಬೇರೆ ರೀತಿ, ಬಿಗಿ ಜಾಸ್ತಿ. ನಡುವೆ ಒಂದು ಗೆರೆ. ಕಣ್ಣಿಗೆ ಕಾಣದ್ದು, ಬೆರಳಿಗೆ ಮಾತ್ರ ಸಿಗುವಂಥದ್ದು.

"ಇಲ್ಲೀವರೆಗೆ ಇಬ್ಬರದು" ಅಂದಳು ಮನ್ನೂಬಿಯಾ, ಅತ್ತ ನೋಡದೆಯೇ. "ಮೇಲಿಂದು ನನ್ನೊಬ್ಬಳದು. ಕೊಳ್ಳೋಕೆ ಬಂದ ವ್ಯಾಪಾರಿ ಕೈಯಾಡಿಸಿ, 'ಏನಮ್ಮ, ನಡುವೆ ಯಾರಾದ್ರೂ ಸತ್ರಾ?' ಅಂದ. ಮಾರಲ್ಲ ಹೋಗು ಅಂದೆ."

ಶಾದ್ಲಿಯಾ ಆ ಗೆರೆಯ ಮೇಲಿಂದ ಕೈ ತೆಗೆಯಲಿಲ್ಲ. "ನಾಳೆ ಬೆಳಿಗ್ಗೆಗೆ ವ್ಯಾನ್ ಹೇಳಿದೀನಿ ಅಕ್ಕ. ಮುಂದಿನ ಸೀಟು. ನಿನ್ನ ಹಿಡ್ಕೊಂಡು ಕೂರಿಸ್ತೀನಿ, ಅಲ್ಲಿ ಇಳಿಸ್ತೀನಿ, ಬಾಗಿಲಲ್ಲಿ ಸಿ ಖಮೈಸ್ ಇದಾರೆ, ಕುರ್ಚೀಲಿ ಕೂರಿಸಿ ಒಳಗೆ ಕರ್ಕೊಂಡ್ಹೋಗೋಣ. ಏಳನೇದು ಮುಗಿಸ್ಬಿಡೋಣ."

"ಆಗಲ್ಲ."

"ಆಗತ್ತೆ. ಏಳು, ನೋಡೋಣ." ಅಕ್ಕನ ಕಂಕುಳಲ್ಲಿ ಕೈ ಹಾಕಿ ಎತ್ತಿದಳು. ಮನ್ನೂಬಿಯಾ ಹಕ್ಕಿಯಷ್ಟೇ ಹಗುರ. ಆದರೆ ಮಂಡಿಗಳು ಮರದ ಕೊರಡು. ಹೊಸ್ತಿಲವರೆಗೆ ಬರುವಷ್ಟರಲ್ಲಿ ಅವಳ ಹಣೆಯಲ್ಲಿ ಬೆವರೊಡೆಯಿತು, ತುಟಿ ಬೆಳ್ಳಗಾಯಿತು.

"ಬಿಡೇ! ನಾನೇನು ಹಬ್ಬದ ಕುರಿನಾ ಹೊತ್ಕೊಂಡು ಹೋಗೋಕೆ? ಕೂರ್ಸು."

ಕೂರಿಸಿದಳು. ಇಬ್ಬರೂ ಏದುಸಿರು ಬಿಡುತ್ತಿದ್ದರು. ಶಾದ್ಲಿಯಾಳಿಗೆ ಅಳು ಬಂತು. "ಹಂಗಾದ್ರೆ ಮುಗೀತು. ನಂದೂ ಆರೇ, ನಿಂದೂ ಆರೇ."

"ನಿಂದು ಏಳಾಗಿದೆ" ಅಂದಳು ಮನ್ನೂಬಿಯಾ.

"ಏನು?"

"ಕಿವಿ ಕೇಳಲ್ವಾ? ನಿಂದು ಏಳಾಗಿ ಯಾವ ಕಾಲ ಆಯ್ತು. ನಿನ್ನ ಮದುವೆ ಆದ ಮರುವರ್ಷ ಬಂದಿದ್ದೆ. ಒಬ್ಬಳೇ ನಡ್ಕೊಂಡು ಬಂದೆ. ನಿನ್ನ ಕರ್ಕೊಂಡು ಹೋಗೋಣ ಅಂತ ಮನೆ ಬಾಗಿಲಿಗೂ ಬಂದೆ. ಬಾಗಿಲು ತೆರೆದಿತ್ತು. ನೀನು ಅತ್ತೆಗೆ ಗಂಜಿ ಕುಡಿಸ್ತಿದ್ದೆ. ಅವಳು ಉಗುಳ್ತಿದ್ಲು, ನೀನು ಒರೆಸ್ತಿದ್ದೆ. ಆ ಕಡೆ ಎಣ್ಣೆ ಬಾಣಲೆ ಹೊಗೆಯಾಡ್ತಿತ್ತು. ಇವಳು ಈ ಮನೆಯಿಂದ ಇನ್ನು ಹೊರಡಲ್ಲ ಅನ್ನಿಸ್ತು. ಊರೊಳಗಿನೋರ ಭೇಟಿ ಲೆಕ್ಕಕ್ಕಿಲ್ಲ ಅಂತ ಮದುವೆ ದಿನ ಮೂಗು ಸುರಿಸ್ತಾ ಅತ್ತಿದ್ಯಲ್ಲ, ಅದು ನೆನಪಾಯ್ತು. ಮಸೀದಿಗೆ ಹೋಗಿ ಏಳನೇದನ್ನ ನಿನ್ನ ಹೆಸರಿಗೆ ಸಂಕಲ್ಪ ಮಾಡ್ಬಿಟ್ಟೆ. ನಂದು ಮುಂದಿನ ವರ್ಷ ಮಾಡಿದ್ರಾಯ್ತು ಅಂತ."

ಶಾದ್ಲಿಯಾ ಅಕ್ಕನ ಕಡೆ ಪೂರ್ತಿ ತಿರುಗಿದಳು. "ಬಾಗಿಲವರೆಗೆ ಬಂದೋಳು ಒಳಗೆ ಬರ್ಲಿಲ್ಲ?"

"ಸಿಟ್ಟಿತ್ತು."

"ಸಿಟ್ಟಿದ್ರೆ ನನ್ನ ಹೆಸರಿಗೆ ಯಾಕೆ ಮಾಡ್ದೆ?"

"ಸಿಟ್ಟು ಬೇರೆ, ಏಳನೇದು ಬೇರೆ" ಅಂದಳು ಮನ್ನೂಬಿಯಾ, ಇದರಲ್ಲಿ ಕೇಳುವುದೇನಿದೆ ಅನ್ನುವ ಹಾಗೆ.

"ಮತ್ತೆ ಅಮ್ಮ ಹೋದಾಗ ಬಂದಿದ್ನಲ್ಲ, ಆಗ್ಲಾದ್ರೂ ಹೇಳ್ಬಾರ್ದಿತ್ತಾ?"

"ಹೆಣದ ಮುಂದೆ ಕೂತ್ಕೊಂಡು, ನಿಂಗೆ ಇಂಥ ಉಪಕಾರ ಮಾಡಿದೀನಿ ಅಂತ ಹೇಳ್ಲಾ? ಬರ್ತೀನಿ ಅಂದಿದ್ದೆ. ಬಂದಾಗ ಹೇಳೋಣ ಅಂತಿದ್ದೆ. ಆಮೇಲೆ ಮೇಕೆಗಳಿದ್ವು, ಬಿಟ್ಟು ಬರೋ ಹಾಗಿರಲಿಲ್ಲ. ಮೇಕೆ ಹೋದ್ಮೇಲೆ ಮಂಡಿ ಹೋಯ್ತು." ಸಣ್ಣ ದನಿಯಲ್ಲಿ ಸೇರಿಸಿದಳು, "ನೀನಾಗಿ ಬಂದು ಕರೀತೀಯೇನೋ ಅಂತಾನೂ ಇತ್ತು."

"ನೀನಾಗಿ ಬರ್ತೀಯ ಅಂತ ನಾನು ಬಾಗಿಲಲ್ಲೇ ಕೂತಿದ್ದೆ ಅಕ್ಕ! ಊರೆಲ್ಲ ಆರಕ್ಕೇ ನಿಂತ ಹಾಜಿಯಮ್ಮ ಅಂತ ಆಡ್ಕೊಳ್ತು!"

"ಆಡ್ಕೊಳ್ಳಲಿ ಬಿಡು. ನೀನೇನು ಕಂಬಳಿ ಮುಗಿಸಿ ಹೋಗಿದ್ಯಾ?"

ಹೊರಗೆ ಯಾರದೋ ಕತ್ತೆ ಕೂಗಿತು. ಮೂವತ್ತು ವರ್ಷ ಅಂದರೆ ಎಷ್ಟು ಮೌಲಿದ್, ಎಷ್ಟು ಅರ್ಧ ರೊಟ್ಟಿ ಅಂತ ಶಾದ್ಲಿಯಾಳ ತಲೆ ಲೆಕ್ಕ ಹಾಕಲು ಹೋಗಿ, ಬೇಡವೆಂದು ನಿಂತಿತು.

ಸಂಜೆ ಅವಳೇ ಒಲೆ ಹಚ್ಚಿ ಸಾರು ಮಾಡಿದಳು. ಪಕ್ಕದ ಮನೆಯವರು ತಂದುಕೊಟ್ಟ ರೊಟ್ಟಿಯನ್ನು ಮುರಿದು ಅರ್ಧ ಅಕ್ಕನಿಗೆ ಕೊಟ್ಟು, ಉಳಿದರ್ಧವನ್ನು ಮೊಳೆಗೆ ತೂಗುಹಾಕಲು ಚೀಲ ಹುಡುಕಿದಳು. ಆಮೇಲೆ ಅದು ತನ್ನದೇ ಪಾಲು ಅಂತ ಹೊಳೆದು, ಕೂತು ತಿಂದಳು.

ಉಣ್ಣುತ್ತಲೇ ಹೇಳಿದಳು, "ಅಕ್ಕ, ನಂದು ಏಳಾಗಿದೆ ಅಂದ್ರೆ ನಾಳೆ ಇಲ್ಲಿಂದ ಹೊರಟು ಹೋಗೋದು ನಿನ್ನ ಹೆಸರಿಗೆ. ಈ ಊರಿಂದ, ಈ ಮನೆಯಿಂದ. ಅದು ಓಡಾಟ ಅಲ್ಲ, ಭೇಟಿನೇ."

ಮನ್ನೂಬಿಯಾ ಸಾರಿನ ಬಟ್ಟಲಿನಿಂದ ಮುಖ ಎತ್ತಲಿಲ್ಲ. ಬಟ್ಟಲು ಮಾತ್ರ ಸ್ವಲ್ಪ ಹೊತ್ತು ತುಟಿಯ ಬಳಿಯೇ ನಿಂತಿತ್ತು. "ಪೆಟ್ಟಿಗೇಲಿ ನನ್ನ ಬಿಳಿ ಸಫ್ಸಾರಿ ಇದೆ. ಅದನ್ನ ಹೊದ್ಕೊಂಡು ಹೋಗು" ಅಂದಳು.

ಬೆಳಿಗ್ಗೆ ಶಾದ್ಲಿಯಾ ಅದನ್ನು ತೆಗೆದು ತಲೆಯಿಂದ ಪಾದದವರೆಗೆ ಹೊದ್ದುಕೊಂಡಳು. ಹಳೆಯ ರೇಷ್ಮೆ, ಮಡಿಕೆ ಮಡಿಕೆಗೆ ಹಳದಿ ಬಿದ್ದಿತ್ತು, ಬೇವಿನ ಕಡ್ಡಿಯ ಹಾಗೊಂದು ಒಗರು ವಾಸನೆ. "ಮುಗಿಸ್ಕೊಂಡು ವಾಪಸ್ ಬರ್ಲಾ ಅಕ್ಕ? ಇಲ್ಲೇ ಇರ್ತೀನಿ. ನಂಗೂ ಅಲ್ಲಿ ಯಾರಿದಾರೆ?"

"ಬೇಡ."

"ಯಾಕೆ?"

"ಒಬ್ಬಳೇ ಇದ್ದು ಇದ್ದು ರೂಢಿಯಾಗಿದೆ ಕಣೇ. ರಾತ್ರಿ ನೀನು ಪಕ್ಕದಲ್ಲಿ ಉಸಿರಾಡಿದ ಸದ್ದಿಗೇ ನಂಗೆ ನಿದ್ದೆ ಬರ್ಲಿಲ್ಲ." ಒರಟಾಗಿ ಹೇಳಿದ್ದಲ್ಲ, ಮಳೆ ಬಂದಿಲ್ಲ ಅನ್ನುವ ಹಾಗೆ ಹೇಳಿದಳು. "ಯಾವಾಗ್ಲಾದ್ರೂ ಬಾ. ಹಗಲು ಹೊತ್ತು. ಮತ್ತೆ ಕೇಳು, ಬಾವಿಕಟ್ಟೆ ಗೀರು ನೆನಪಿದೆಯಾ? ಇನ್ನೂ ಇದೆಯಾ ಅದು?"

"ಅದೆಲ್ಲಿ ಹೋಗತ್ತೆ, ಕಲ್ಲು."

"ಅವತ್ತು ನಿನ್ನ ಹೆಸರಿಗೆ ಮಾಡಿದಾಗ ನಿನ್ನ ಗೀರಲ್ಲಿ ಮಾತ್ರ ಕೈ ಇಟ್ಟು ಬಂದೆ. ನಂದು ಹಂಗೇ ಬಿಟ್ಟೆ. ನೋಡ್ಕೋ."

ಶಾದ್ಲಿಯಾ ವ್ಯಾನ್ ಹತ್ತಿದಳು. ಮುಂದಿನ ಸೀಟಿನಲ್ಲಿ ಅವಳ ಪಕ್ಕ ಇನ್ನೊಬ್ಬರ ಜಾಗ ಖಾಲಿ ಇತ್ತು. ಡ್ರೈವರ್ "ಇಬ್ಬರು ಅಂದಿದ್ರಲ್ಲ ಖಾಲ್ತಿ?" ಅಂದ. "ಇಬ್ಬರೇ" ಅಂದಳು. ಅವನು ಖಾಲಿ ಜಾಗವನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿ, ಗಾಡಿ ಓಡಿಸಿದ. ಬಯಲಿನ ಆಚೆ ಮಸೀದಿಯ ದಪ್ಪ ಮಿನಾರು ಮೊದಲು ಒಂದು ಮೊಳೆಯಷ್ಟು ಕಂಡಿತು, ಬರಬರುತ್ತಾ ಬೆಳೆಯಿತು. ದಿನಾ ಅದರ ಬುಡದಲ್ಲೇ ಕೂತವಳು ಹೀಗೆ ದೂರದಿಂದ ಅದು ಎದ್ದುಬರುವುದನ್ನು ನೋಡಿ ಎಷ್ಟು ಕಾಲವಾಗಿತ್ತು!

ಬಾಗಿಲಲ್ಲಿ ಇಕ್ಬಾಲ್ ಒಂದೇ ಸಮನೆ ಬಟ್ಟೆ ಕಟ್ಟುತ್ತಾ ಬೆವರುತ್ತಿದ್ದಳು. ಬಿಳಿ ಹೊದಿಕೆಯ ಹೆಂಗಸನ್ನು "ಬನ್ನಿ ಅಮ್ಮ, ಒಳಗೆ ಹೋಗಿ" ಅಂತ ದಾಟಿಸಿ, ಆಮೇಲೆ ತಿರುಗಿ ನೋಡಿ ಕಿರುಚಿದಳು. "ಖಾಲ್ತಿ! ರಜೆ ಹಾಕಿ ಇಲ್ಲಿಗೇ ಬಂದ್ರಾ?"

"ಭೇಟಿಗೆ ಬಂದೆ."

"ಹಂಗಾದ್ರೆ ಏಳು!" ಅಂತ ಕುರ್ಚಿ ಬಿಟ್ಟೇ ಎದ್ದ ಖಮೈಸ್.

"ನಂದು ಯಾವಾಗ್ಲೋ ಏಳಾಗಿತ್ತಂತೆ ಸಿ ಖಮೈಸ್. ನಂಗೇ ಗೊತ್ತಿರಲಿಲ್ಲ. ಅಕ್ಕ ನನ್ನ ಹೆಸರಿಗೆ ಮಾಡಿದ್ಲು. ಇವತ್ತಿಂದು ಅವಳ ಹೆಸರಿಗೆ."

ಖಮೈಸ್ ಗಡ್ಡ ಕೆರೆದುಕೊಂಡ. ಇಂಥ ಲೆಕ್ಕ ಸಿಕ್ಕರೆ ಅವನಿಗೆ ಹಬ್ಬ. "ತಾಳು ತಾಳು. ತಮ್ಮದೇ ಮುಗಿಸದೋರು ಇನ್ನೊಬ್ಬರ ಹೆಸರಿಗೆ ಮಾಡೋ ಹಾಗಿಲ್ಲ ಅಂತಾರಪ್ಪ. ಮಾಡಿದ್ರೂ ಅದು ಮಾಡಿದೋರ ಖಾತೆಗೇ ಹೋಗತ್ತೆ. ಅಂದ್ರೆ ಅವತ್ತಿಂದು ನಿಮ್ಮಕ್ಕಂದೇ ಆಯ್ತು. ಇವತ್ತಿಂದು ನಿಂದು. ಅಥವಾ..."

"ಆ ಲೆಕ್ಕ ನೀವೇ ಇಟ್ಕೊಳ್ಳಿ. ಒಟ್ಟಿನಲ್ಲಿ ಇಬ್ಬರದೂ ಮುಗೀತಲ್ಲ."

"ಖಾಲ್ತಿ" ಅಂದಳು ಇಕ್ಬಾಲ್, ಈ ಸಲ ದನಿ ತಗ್ಗಿಸಿ, "ಅವತ್ತು ಕೇಳಿದ್ನಲ್ಲ, ಭೇಟಿ ಎಣಿಸಿದ್ರೆ ಏನು ಹೋಗತ್ತೆ ಅಂತ."

"ಆಯಸ್ಸು ಹೋಗತ್ತೆ ಮಗಳೇ" ಅಂದಳು ಶಾದ್ಲಿಯಾ, ಚಪ್ಪಲಿ ಕೈಗೆ ತೆಗೆದುಕೊಳ್ಳುತ್ತಾ.

ಒಳಗೆ ಕಂಬಗಳ ನಡುವೆ ಅರೆಗತ್ತಲು. ಚಾಪೆಯ ಮೇಲೆ ನಿಂತು, ತಿಬ್ರಾಳ ಮಗಳು ಮನ್ನೂಬಿಯಾಳ ಹೆಸರು ಹೇಳಿ ಸಂಕಲ್ಪ ಮಾಡಿದಳು. ನಮಾಜಿನಲ್ಲಿ ಎಡಗಡೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟುಕೊಂಡಿದ್ದಳು. ಯಾರೋ ಬಂದು ಅಲ್ಲಿ ನಿಂತರು. ನಿಲ್ಲಲಿ, ಮಸೀದಿ ಎಲ್ಲರದು ಅಂದುಕೊಂಡಳು. ಆದರೂ ಸಲಾಮು ಹೇಳಲು ಎಡಕ್ಕೆ ಮುಖ ತಿರುಗಿಸಿದಾಗ ಗುರುತಿಲ್ಲದ ಮುಖ ಕಂಡು, ಇನ್ನೊಮ್ಮೆ ನೋಡಿದಳು.

ಅಂಗಳಕ್ಕೆ ಬಂದಾಗ ಬಿಸಿಲು ಬಿಳಿ ಕಲ್ಲಿನ ಮೇಲೆ ಕಣ್ಣು ಕುಕ್ಕುತ್ತಿತ್ತು. ಬಾವಿಕಟ್ಟೆಯ ಸುತ್ತ ಆ ಹೊತ್ತಿಗೆ ಯಾರೂ ಇರಲಿಲ್ಲ. ಶಾದ್ಲಿಯಾ ತನ್ನ ಗೀರು ಹುಡುಕಲು ಬಗ್ಗಿದಳು. ಕಣ್ಣು ಹುಡುಕುವ ಮೊದಲೇ ಬಲಗೈ ಅಲ್ಲಿತ್ತು. ಅಷ್ಟು ಬಿಸಿಲಿನಲ್ಲೂ ಗೀರಿನ ತಳ ತಣ್ಣಗೆ. ಪಕ್ಕದ್ದು ಅಕ್ಕನದು. ಅದರಲ್ಲಿ ಒಂದಿಷ್ಟು ಮರಳು, ಒಂದು ಒಣ ಎಲೆ ಕೂತಿತ್ತು. ಎಲೆ ತೆಗೆದು, ಮರಳು ಊದಿ, ಎಡಗೈ ಇಟ್ಟಳು. ಗೀರು ನೆನಪಿನಲ್ಲಿದ್ದಷ್ಟು ಆಳವಿರಲಿಲ್ಲ. ಚಿಕ್ಕ ಹುಡುಗಿಯ ಬೆರಳು ಮುಳುಗುತ್ತಿದ್ದ ಜಾಗದಲ್ಲಿ ಈಗ ಬೆರಳಿನ ಗೆಣ್ಣು ಹೊರಗೇ ಉಳಿಯಿತು.

ಅಷ್ಟರಲ್ಲಿ ಯಾರೋ ಪರದೇಶದ ಹುಡುಗಿ ನಗುತ್ತಾ ಬಂದು ಎದುರು ನಿಂತಳು. ಇಕ್ಬಾಲ್ ಕಟ್ಟಿದ ಗಂಟು ಬಿಚ್ಚಿಕೊಂಡಿತ್ತು. ಬಟ್ಟೆಯ ಎರಡು ತುದಿಗಳನ್ನು ಕೈಯಲ್ಲಿ ಹಿಡಿದು, ಕಟ್ಟಿಕೊಡುತ್ತೀರಾ ಅನ್ನುವ ಹಾಗೆ ಮುಂದಕ್ಕೆ ಚಾಚಿದಳು.

"ಸ್ವಲ್ಪ ತಾಳಮ್ಮ" ಅಂದಳು ಶಾದ್ಲಿಯಾ. ಹುಡುಗಿಗೆ ಭಾಷೆ ತಿಳಿಯಲಿಲ್ಲ, ಆದರೆ ನಿಂತಳು. ಬಾಗಿಲಲ್ಲಿ ಕೂತ ಇಷ್ಟು ವರ್ಷಗಳಲ್ಲಿ ಶಾದ್ಲಿಯಾ ಯಾರನ್ನೂ ಕಾಯಿಸಿದವಳಲ್ಲ. ಇವತ್ತು ಅವಳ ಎರಡು ಕೈಗಳಲ್ಲಿ ಒಂದು ಅಕ್ಕನದಾಗಿತ್ತು.